ಕಬಡ್ಡಿಯಲ್ಲಿ 'ಔಟ್' ಒಪ್ಪಿಕೊಳ್ಳುವುದನ್ನು ಮಕ್ಕಳಿಗೆ ರೂಢಿ ಮಾಡಿಸುವುದು ಹೇಗೆ?

ಹೋಬಳಿ ಮಟ್ಟದ ಪಂದ್ಯಗಳು ಹಾಸನ ಜಿಲ್ಲೆಯಲ್ಲಿ ಹೆಚ್ಚಾಗಿ ಮಳೆಗಾಲದಲ್ಲೇ ಬರುತ್ತವೆ. ಸಕಲೇಶಪುರದ ಕಡೆ ಅಂಕಣ ಕೆಸರಾಗಿ ಸುಣ್ಣದ ಗೆರೆ ಅಳಿಸಿಹೋದರೆ ಜಗಳ ಅಲ್ಲಿಂದಲೇ ಶುರು. ಆದ್ದರಿಂದ 5 ನಿಮಿಷದ ವಿರಾಮದಲ್ಲಿ ಗೆರೆಯನ್ನು ಮತ್ತೆ ಎಳೆಸಿ, ಎರಡೂ ತಂಡದ ನಾಯಕರಿಗೆ ತೋರಿಸಿ.

ಅಭ್ಯಾಸದಲ್ಲಿ ವಾರಕ್ಕೆರಡು ದಿನ, 15 ನಿಮಿಷ ರೆಫರಿ ಇಲ್ಲದೆ ಆಡಿಸಿ. ಒಂದು ಕಡೆ ನಾಲ್ಕು ಜನ ಸಾಕು. ರೈಡರ್ ಮುಟ್ಟಿದ್ದು ಗೊತ್ತಾದ ಕೂಡಲೇ ಮುಟ್ಟಿಸಿಕೊಂಡವರು ತಾವೇ ಕೈ ಎತ್ತಬೇಕು. ರೈಡ್‌ಗೆ 30 ಸೆಕೆಂಡು. ಅದನ್ನು ಎಣಿಸುವ ಕೆಲಸ ಹೊರಗೆ ಕೂತವರಿಗೆ ಕೊಡಿ.

ಮೊದಮೊದಲು ಯಾರೂ ಕೈ ಎತ್ತುವುದಿಲ್ಲ. ಸುಳ್ಳು ಹೇಳುವ ಮನಸ್ಸಿಗಿಂತ, ತಂಡದವರು ಬೈಯುತ್ತಾರೆಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಒಪ್ಪಿಕೊಂಡ ಹುಡುಗನನ್ನು ಗದರುವವರನ್ನು ಅಲ್ಲೇ ತಡೆಯಿರಿ. ಶಿಕ್ಷಕರೇ 'ಸುಮ್ನಿರೋ, ಅವರು ನೋಡಿಲ್ಲ' ಅಂದುಬಿಟ್ಟರೆ ತಿಂಗಳ ಶ್ರಮ ನೀರುಪಾಲು. ಇದು ನಿಜಕ್ಕೂ ನೋವಿನ ಸಂಗತಿ, ಆದರೂ ನಡೆಯುತ್ತದೆ.

ರೈಡರ್‌ನ ಬಾಯಿ ಮುಚ್ಚುವುದು, ಕತ್ತು ಹಿಸುಕುವುದು, ಕಾಲಿನಿಂದ ಕತ್ತರಿ ಹಾಕುವುದು ಫೌಲ್ ಎಂದು ಹೇಳಿದರೆ ಸಾಲದು. ತೊಡೆ, ಸೊಂಟ, ಪಾದದ ಗಂಟು ಹಿಡಿಯುವ ಸರಿಯಾದ ಕ್ರಮ ಕಲಿಸಿ. ಹಿಡಿತ ಬಾರದವರೇ ಹೆಚ್ಚಾಗಿ ಅಂಗಿ ಎಳೆಯುವುದು. ಹಳದಿ ಕಾರ್ಡ್ ಬಿದ್ದರೆ 2 ನಿಮಿಷ ಹೊರಗೆ. ಒಬ್ಬರು ಕಡಿಮೆ ಇಟ್ಟುಕೊಂಡು ಆಡುವುದು ಹೇಗಿರುತ್ತದೆಂದು ಅಭ್ಯಾಸದಲ್ಲೇ ಆಡಿಸಿ ತೋರಿಸಿ.

ರೆಫರಿಯ ಬಳಿ ಮಾತು ನಾಯಕನದು ಮಾತ್ರ. ಉಳಿದವರು ಎರಡು ಹೆಜ್ಜೆ ಹಿಂದೆ.