ಕಾಫಿ ಚರಟದ ಸಕ್ಕರೆ ಯಾರ ಊಟ?

ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಚರಟವನ್ನು ಒಣಗಿಸಿ ತೂಗಿದರೆ ಆ ತೂಕದ ಸುಮಾರು ಅರ್ಧ ಭಾಗ ಸಕ್ಕರೆಯೇ. ನಾಲಿಗೆಗೆ ಸಿಹಿ ಹತ್ತದ ಸಕ್ಕರೆ ಅದು. ಮ್ಯಾನೋಸ್ ಎಂಬ ಸರಳ ಸಕ್ಕರೆಯ ಘಟಕಗಳು ಒಂದಕ್ಕೊಂದು ಬೆಸೆದು ಉದ್ದನೆಯ ಸರಪಳಿಗಳಾಗಿ, ಆ ಸರಪಳಿಗಳು ಒತ್ತೊತ್ತಾಗಿ ಕೂತು, ಕಾಫಿ ಬೀಜಕ್ಕೆ ಅದರ ಗಟ್ಟಿತನವನ್ನು ಕೊಟ್ಟಿರುತ್ತವೆ. ಅಲ್ಲಲ್ಲಿ ಗ್ಯಾಲಕ್ಟೋಸಿನ ಸಣ್ಣ ಕವಲುಗಳೂ ಇರುವುದರಿಂದ ಇದನ್ನು ಗ್ಯಾಲಕ್ಟೋಮ್ಯಾನನ್ ಎನ್ನುತ್ತಾರೆ. ಈ ಸರಪಳಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಜೀರ್ಣರಸಗಳಲ್ಲಿ ಇಲ್ಲ. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಇದೆ. ಅವುಗಳ ಕಿಣ್ವವನ್ನು ಎರವಲು ಪಡೆದು, ಬೆಂಗಳೂರಿನ ಹೋಟೆಲುಗಳು ದಿನವೂ ಎಸೆಯುವ ಚರಟದಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳಿಗೆ ಆಹಾರ ತಯಾರಿಸಬಹುದೇ? ನಗರದ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನಾನು ನನ್ನ ವಿದ್ಯಾರ್ಥಿಗಳೊಂದಿಗೆ ಕೆಲವು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಇಂಥ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ನಾವು ಮಾಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಗುರಿ ಯಾವುದೆಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ತೀರ್ಮಾನವೂ ಅದರ ಮೇಲೆ ನಿಂತಿದೆ. ಪ್ರಿಬಯಾಟಿಕ್ ಎಂಬ ಪರಿಕಲ್ಪನೆಯನ್ನು 1995ರಲ್ಲಿ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್ ಮುಂದಿಟ್ಟಾಗ ಅದರ ಜೀವಾಳ ಆಯ್ಕೆಯಲ್ಲಿತ್ತು: ಆ ಆಹಾರ ಕರುಳಿನಲ್ಲಿರುವ ಕೆಲವೇ ಬ್ಯಾಕ್ಟೀರಿಯಗಳಿಗೆ ದಕ್ಕಬೇಕು, ಅದರಿಂದ ನಮಗೆ ಆರೋಗ್ಯದ ಲಾಭ ಆಗಬೇಕು. ಒಳ್ಳೆಯವು ತಿಂದರೆ ಸಾಲದು, ಬೇಡದವುಗಳಿಗೆ ಅದು ಸಿಗಬಾರದು. ತಾಯಿಯ ಹಾಲು ಇದಕ್ಕೆ ಬಹಳ ಹಳೆಯ ಮಾದರಿ. ಅದರಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಅತಿ ಹೆಚ್ಚಾಗಿರುವ ಘನ ಪದಾರ್ಥವೆಂದರೆ ಮಗು ಜೀರ್ಣಿಸಿಕೊಳ್ಳಲಾರದ ಸಂಕೀರ್ಣ ಸಕ್ಕರೆಗಳು. ಮಗುವಿಗೇ ದಕ್ಕದ ಆಹಾರವನ್ನು ತಾಯಿಯ ದೇಹ ಅಷ್ಟು ಶ್ರಮಪಟ್ಟು ಏಕೆ ಮಾಡುತ್ತದೆ? ಅದು ದೊಡ್ಡ ಕರುಳಿನ ಬೈಫಿಡೋಬ್ಯಾಕ್ಟೀರಿಯಗಳ ಪಾಲು. ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಕವಲೊಡೆದ ಆಕಾರದ ಈ ಬ್ಯಾಕ್ಟೀರಿಯವನ್ನು ಪ್ಯಾರಿಸ್ಸಿನಲ್ಲಿ ಹೆನ್ರಿ ಟಿಸಿಯೆ ಗುರುತಿಸಿದ್ದು 1899ರಲ್ಲಿ. ತರಗತಿಯಲ್ಲಿ ಈ ವಿಷಯ ಬಂದಾಗಲೆಲ್ಲ ನನಗೆ ಈಗಲೂ ರೋಮಾಂಚನವಾಗುತ್ತದೆ.

ಚರಟಕ್ಕೆ ಬರೋಣ. ಬಸವನಗುಡಿಯ ಒಂದು ಹೋಟೆಲಿನವರು ಬೆಳಗಿನ ಚರಟವನ್ನು ಸಂತೋಷದಿಂದ ಕೊಟ್ಟರು. ಹಸಿ ಚರಟ ಹೆಚ್ಚು ಹೊತ್ತು ಕಾಯುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೂ ಹುಳಿ ವಾಸನೆ ಬರುತ್ತದೆ, ಆಮೇಲೆ ಬೂಸ್ಟು. ಬೇಸಿಗೆಯಲ್ಲಿ ತಾರಸಿಯ ಮೇಲೆ ತೆಳುವಾಗಿ ಹರಡಿದರೆ ಸಾಕು. ಜೂನ್ ನಂತರದ ಮೋಡದ ದಿನಗಳಲ್ಲಿ 60 ಡಿಗ್ರಿ ಸೆಲ್ಸಿಯಸ್ ಒಲೆಯೇ ಗತಿ. ಬೀಜದ ಎಣ್ಣೆ ಬಹುಪಾಲು ಚರಟದಲ್ಲೇ ಉಳಿದಿರುತ್ತದೆ, ಅದು ಕಿಣ್ವಕ್ಕೆ ಅಡ್ಡಿ. ಬಿಸಿ ಎಥನಾಲಿನಲ್ಲಿ ತೊಳೆದು ಅದನ್ನು ತೆಗೆಯುತ್ತೇವೆ.

ನಮ್ಮ ಊರಿನ ಕಾಫಿಗೇ ವಿಶೇಷವಾದ ತೊಡಕೊಂದಿದೆ: ಚಿಕೋರಿ. ಹೋಟೆಲ್ ಕಾಫಿಪುಡಿಯಲ್ಲಿ ಅದು ಇಲ್ಲದಿರುವುದು ಅಪರೂಪ. ಮಿಶ್ರಣದಲ್ಲಿ ಶೇ 49ರವರೆಗೂ ಸೇರಿಸಲು ಕಾನೂನು ಅವಕಾಶ ಕೊಡುತ್ತದೆ. ಚಿಕೋರಿ ಬೇರಿನಲ್ಲಿ ಇರುವುದು ಫ್ರಕ್ಟೋಸಿನ ಸರಪಳಿಯಾದ ಇನ್ಯುಲಿನ್. ಹುರಿದಾಗ ಅದರ ಒಂದು ಪಾಲು ಒಡೆಯುತ್ತದೆ, ನೀರಿನಲ್ಲಿ ಕರಗುವುದರಿಂದ ಉಳಿದದ್ದರಲ್ಲಿ ಹೆಚ್ಚಿನದು ಡಿಕಾಕ್ಷನ್ನಿಗೆ ಇಳಿಯುತ್ತದೆ. ಹಾಗಿದ್ದರೂ ಚರಟದಲ್ಲಿ ಸ್ವಲ್ಪ ಅಂಟಿಕೊಂಡಿದ್ದರೆ ಪ್ರಯೋಗವೇ ಹಾಳಾಗುತ್ತದೆ. ಇನ್ಯುಲಿನ್ ಸ್ವತಃ ಹೆಸರುವಾಸಿ ಪ್ರಿಬಯಾಟಿಕ್. ಬೈಫಿಡೋಬ್ಯಾಕ್ಟೀರಿಯ ಅದನ್ನು ತಿಂದು ಬೆಳೆದರೂ ನಾವು ಆ ಬೆಳವಣಿಗೆಯನ್ನು ಕಾಫಿಯ ಲೆಕ್ಕಕ್ಕೆ ಬರೆದುಕೊಂಡಿರುತ್ತೇವೆ. ಆದ್ದರಿಂದ ಚರಟವನ್ನು ಬಿಸಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತೊಳೆದ ನೀರಿಗೆ ಸೆಲಿವನಾಫ್ ಪರೀಕ್ಷೆ ಮಾಡುತ್ತೇವೆ. ರಿಸಾರ್ಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕಾಯಿಸಿದಾಗ ಕೆಂಪು ಬಣ್ಣ ಬಂದರೆ ಫ್ರಕ್ಟೋಸ್ ಇನ್ನೂ ಇದೆ ಎಂದರ್ಥ. ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯುತ್ತೇವೆ. ಬಿ.ಎಸ್ಸಿ. ಮೊದಲ ವರ್ಷದ ಪಾಠದಲ್ಲಿ ಕಲಿತು ಮರೆತುಬಿಡುವ ಪರೀಕ್ಷೆಯೊಂದು ಸಂಶೋಧನೆಯ ಸತ್ಯಾಸತ್ಯವನ್ನು ಕಾಯುತ್ತದೆ ಎಂದು ಗೊತ್ತಾದಾಗ ವಿದ್ಯಾರ್ಥಿಗಳ ಮುಖ ಅರಳುತ್ತದೆ.

ಕಿಣ್ವವನ್ನು ಕೊಂಡುಕೊಳ್ಳಬಹುದಿತ್ತು. ಸೂಕ್ಷ್ಮಜೀವಿಯಿಂದ ಕಿಣ್ವ ಪಡೆಯುವ ವಿದ್ಯೆಯೂ ಮಕ್ಕಳಿಗೆ ಬರಲಿ ಎಂದು ನಾವೇ ಹುಡುಕಿದೆವು. ಎಲ್ಲಿ ಮ್ಯಾನನ್, ಅಂದರೆ ಮ್ಯಾನೋಸಿನ ಸರಪಳಿ, ಕೊಳೆಯುತ್ತಿದೆಯೋ ಅಲ್ಲಿ ಅದನ್ನು ಒಡೆಯುವ ಜೀವಿ ಇರಲೇಬೇಕು. ಕೊಬ್ಬರಿ ಹಿಂಡಿಯಲ್ಲಿರುವ ಮುಖ್ಯ ಸಂಕೀರ್ಣ ಸಕ್ಕರೆಯೂ ಮ್ಯಾನನ್ನೇ. ತಿಪಟೂರಿನ ಕಡೆಯಿಂದ ಹಿಂಡಿ ತರಿಸಿದೆವು, ಎಣ್ಣೆ ಗಾಣದ ಹಿಂಭಾಗದ ಮಣ್ಣನ್ನೂ ತಂದೆವು. ಮ್ಯಾನನ್ ಇರುವ ಲೋಕಸ್ಟ್ ಬೀನ್ ಬೀಜದ ಗೋಂದು ಬೆರೆಸಿದ ಅಗಾರ್ ತಟ್ಟೆಗಳ ಮೇಲೆ ಆ ಮಣ್ಣಿನ ಜೀವಿಗಳನ್ನು ಬೆಳೆಸಿ, ಕಾಂಗೋ ರೆಡ್ ಬಣ್ಣ ಸುರಿದು, ಉಪ್ಪುನೀರಿನಲ್ಲಿ ತೊಳೆದರೆ ಕಿಣ್ವ ಸೂಸುವ ಜೀವಿಯ ಸುತ್ತ ಕೆಂಪು ಮಾಯವಾಗಿ ತಿಳಿಯಾದ ಬಳೆ ಮೂಡುತ್ತದೆ. ಹಾಗೆ ದೊಡ್ಡ ಬಳೆ ತೋರಿಸಿದವು ಎರಡು: ಒಂದು ಕಪ್ಪು ಬೂಸ್ಟು, ಅಂದರೆ ಆಸ್ಪರ್ಜಿಲಸ್ ನೈಜರ್ ಗುಂಪಿನ ಶಿಲೀಂಧ್ರ, ಇನ್ನೊಂದು ಬ್ಯಾಸಿಲಸ್ ಸಬ್ಟಿಲಿಸ್ ಗುಂಪಿನ ಬ್ಯಾಕ್ಟೀರಿಯ. ಎರಡನ್ನೂ ಕೊಬ್ಬರಿ ಹಿಂಡಿಯ ಮೇಲೆ ಬೆಳೆಸಿ ಕಿಣ್ವವನ್ನು ಸೋಸಿ ತೆಗೆದೆವು.

ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದೇ ನಮ್ಮ ಕೆಲಸದ ತಿರುಳು. ಎಲ್ಲ ಕಾಲೇಜುಗಳಲ್ಲೂ ಬಳಸುವ ಡಿಎನ್ಎಸ್ ವಿಧಾನ, 1959ರಲ್ಲಿ ಮಿಲ್ಲರ್ ಪ್ರಕಟಿಸಿದ ರೂಪದಲ್ಲಿ, ಹಳದಿಯಿಂದ ಕೆಂಗಂದಿಗೆ ತಿರುಗುವ ಬಣ್ಣವನ್ನು 540 ನ್ಯಾನೋಮೀಟರಿನಲ್ಲಿ ಅಳೆದು ಎಷ್ಟು ಸಕ್ಕರೆಯ ತುದಿಗಳು ಬಿಡುಗಡೆಯಾದವು ಎಂದು ಹೇಳುತ್ತದೆ. ಆ ಲೆಕ್ಕದಲ್ಲಿ ಶಿಲೀಂಧ್ರದ ಕಿಣ್ವ ಸ್ಪಷ್ಟವಾಗಿ ಗೆದ್ದಿತು. ಆದರೆ ಡಿಎನ್ಎಸ್ ತುದಿಗಳನ್ನಷ್ಟೇ ಎಣಿಸುತ್ತದೆ. ತುದಿಯ ಹಿಂದೆ ಒಂದೇ ಸಕ್ಕರೆ ಇದೆಯೋ ನಾಲ್ಕಿವೆಯೋ ಅದಕ್ಕೆ ಗೊತ್ತಾಗುವುದಿಲ್ಲ, ನಮಗೆ ಬೇಕಾದದ್ದು ಅದೇ ಮಾಹಿತಿ: ಬಿಡಿ ಮ್ಯಾನೋಸನ್ನು ಬೇಡದ ಬ್ಯಾಕ್ಟೀರಿಯಗಳೂ ತಿನ್ನುತ್ತವೆ, ಹಲವು ಸಕ್ಕರೆ ಕೂಡಿದ ತುಂಡುಗಳನ್ನು ಎಲ್ಲವೂ ತಿನ್ನಲಾರವು.

ಕಬ್ಬಿನ ಜಲ್ಲೆಯನ್ನು ಎರಡು ಬಗೆಯಲ್ಲಿ ತುಂಡರಿಸಬಹುದು: ಎಲ್ಲೆಂದರಲ್ಲಿ ನಡುವೆ ಕಡಿದು ಮೂರು ನಾಲ್ಕು ಗಿಣ್ಣಿನ ತುಂಡುಗಳನ್ನಾಗಿ ಮಾಡಬಹುದು, ಇಲ್ಲವೇ ತುದಿಯಿಂದ ಒಂದೊಂದೇ ಗಿಣ್ಣನ್ನು ಕತ್ತರಿಸುತ್ತ ಬರಬಹುದು. ಎಂಡೋ-ಮ್ಯಾನನೇಸ್ ಮೊದಲನೆಯದನ್ನು ಮಾಡುತ್ತದೆ, ಬೀಟಾ-ಮ್ಯಾನೋಸಿಡೇಸ್ ಎರಡನೆಯದನ್ನು. ಕಪ್ಪು ಬೂಸ್ಟು ಎರಡೂ ಕಿಣ್ವಗಳನ್ನು ಹೊರಗೆ ಸೂಸುತ್ತದೆ. ನಮ್ಮ ಬ್ಯಾಸಿಲಸ್ ಹೊರಕ್ಕೆ ಬಿಡುವುದು ಹೆಚ್ಚಾಗಿ ಮ್ಯಾನನೇಸನ್ನು ಮಾತ್ರ. ಸಣ್ಣ ತುಂಡುಗಳನ್ನು ಒಳಗೆ ಎಳೆದುಕೊಂಡು ಅಲ್ಲಿ ಒಡೆಯುತ್ತದೆ. ಸಿಲಿಕಾ ಲೇಪಿಸಿದ ತಟ್ಟೆಯ ಮೇಲೆ ಎರಡೂ ದ್ರಾವಣಗಳ ಹನಿಯಿಟ್ಟು, ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು 2:1:1ರ ಮಿಶ್ರಣವನ್ನು ಮೇಲೇರಲು ಬಿಟ್ಟು, ಗಂಧಕಾಮ್ಲ ಸಿಂಪಡಿಸಿ ಕಾಯಿಸಿದಾಗ ವ್ಯತ್ಯಾಸ ಕಣ್ಣಿಗೆ ಕಂಡಿತು. ಶಿಲೀಂಧ್ರದ ಸಾಲಿನಲ್ಲಿ ಮ್ಯಾನೋಸಿನ ದಟ್ಟ ಮಚ್ಚೆ. ಬ್ಯಾಸಿಲಸ್ಸಿನ ಸಾಲಿನಲ್ಲಿ ಮ್ಯಾನೋಸ್ ನೆರಳಿನಷ್ಟು. ಅದರ ಕೆಳಗೆ ಎರಡರ, ಮೂರರ, ನಾಲ್ಕರ ತುಂಡುಗಳು ಏಣಿಯ ಮೆಟ್ಟಿಲುಗಳಂತೆ. ಡಿಎನ್ಎಸ್ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ಬ್ಯಾಸಿಲಸ್ಸನ್ನೇ ನಾವು ಆರಿಸಿದೆವು. ಸಂಕೀರ್ಣ ಸಕ್ಕರೆಯ ಕೆಲಸದಲ್ಲಿ ಡಿಎನ್ಎಸ್ ಅಂಕಿಯೊಂದನ್ನೇ ನಂಬಿ ಇಳುವರಿ ವರದಿ ಮಾಡುವುದನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಒಂದು ಸಿಲಿಕಾ ತಟ್ಟೆಯ ಖರ್ಚು ದೊಡ್ಡದಲ್ಲ.

ಚರಟ ಹಾಗೆಯೇ ಇದ್ದರೆ ಕಿಣ್ವಕ್ಕೆ ಬಗ್ಗುವುದಿಲ್ಲ. ಕಾಫಿಯ ಮ್ಯಾನನ್ನಿನಲ್ಲಿ ಕವಲುಗಳು ವಿರಳ, ಅದಕ್ಕೇ ಸರಪಳಿಗಳು ನೀರು ನುಸುಳದಷ್ಟು ಬಿಗಿಯಾಗಿ ಜೋಡಿಕೊಂಡಿರುತ್ತವೆ. ಗೋರಿಕಾಯಿ ಬೀಜದ ಗೋಂದಿನಲ್ಲಿ ಎರಡು ಮ್ಯಾನೋಸಿಗೆ ಒಂದು ಗ್ಯಾಲಕ್ಟೋಸ್, ಲೋಕಸ್ಟ್ ಬೀನ್ ಗೋಂದಿನಲ್ಲಿ ನಾಲ್ಕಕ್ಕೆ ಒಂದು, ಆದ್ದರಿಂದ ಅವು ನೀರಿನಲ್ಲಿ ಕರಗಿ ದಪ್ಪಗಾಗುತ್ತವೆ, ಕಾಫಿಯದು ಕರಗುವುದಿಲ್ಲ. ಚರಟವನ್ನು ನುಣ್ಣಗೆ ಪುಡಿ ಮಾಡಿ, ತೆಳು ಕ್ಷಾರದಲ್ಲಿ ಕಂದು ಬಣ್ಣವನ್ನು ಆದಷ್ಟು ತೊಳೆದು, ತಟಸ್ಥಗೊಳಿಸಿ, ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವಿನಲ್ಲಿ 121 ಡಿಗ್ರಿಗೆ ಬೇಯಿಸಿದ ಮೇಲೆ ಕಿಣ್ವ ಹಿಡಿಯಿತು. 50 ಡಿಗ್ರಿಯಲ್ಲಿ ಅಲುಗಾಡಿಸುತ್ತ ಇಟ್ಟು, ಗಂಟೆಗೊಮ್ಮೆ ತಟ್ಟೆಯ ಮೇಲೆ ಹನಿ ಇಟ್ಟು ನೋಡಿ, ಮ್ಯಾನೋಸಿನ ಮಚ್ಚೆ ಏಳತೊಡಗುವ ಮೊದಲೇ ಕುದಿಸಿ ಕಿಣ್ವವನ್ನು ನಿಲ್ಲಿಸುತ್ತೇವೆ. ನಿಲ್ಲಿಸುವ ಹೊತ್ತನ್ನು ಗಡಿಯಾರ ಹೇಳಲಾರದು, ತಟ್ಟೆ ಹೇಳುತ್ತದೆ.

ಆಮೇಲೆ ಇದ್ದಿಲು. ಸಕ್ರಿಯ ಇದ್ದಿಲಿನ ಮೂಲಕ ದ್ರಾವಣವನ್ನು ಹಾಯಿಸಿದರೆ ತುಂಡು ಸಕ್ಕರೆಗಳು ಅಂಟಿಕೊಳ್ಳುತ್ತವೆ, ಬರೀ ನೀರು ಹಾಯಿಸಿದಾಗ ಬಿಡಿ ಮ್ಯಾನೋಸೂ ಲವಣಗಳೂ ಹೊರಟುಹೋಗುತ್ತವೆ, ಶೇ 15ರ ಎಥನಾಲ್ ಹಾಯಿಸಿದಾಗ ನಮಗೆ ಬೇಕಾದ ತುಂಡುಗಳು ಇಳಿದು ಬರುತ್ತವೆ, ಕಂದು ಬಣ್ಣದ ಹೆಚ್ಚಿನ ಪಾಲು ಇದ್ದಿಲಿನಲ್ಲೇ ಉಳಿಯುತ್ತದೆ. ಒಣಗಿಸಿದರೆ ಕೆನೆ ಬಣ್ಣದ ಪುಡಿ. ಗಾಳಿಯ ತೇವಕ್ಕೆ ಬೇಗ ಅಂಟಾಗುತ್ತದೆ, ಬಿಗಿಯಾಗಿ ಮುಚ್ಚಿಡಬೇಕು.

ಇನ್ನು ಉಣ್ಣುವವರ ಪರೀಕ್ಷೆ. ಬೈಫಿಡೋಬ್ಯಾಕ್ಟೀರಿಯಂ ಅನಿಮಾಲಿಸ್‌ನ ಲ್ಯಾಕ್ಟಿಸ್ ಉಪಪ್ರಭೇದ, ಹಿಂದೆ ಲ್ಯಾಕ್ಟೋಬ್ಯಾಸಿಲಸ್ ಎನಿಸಿಕೊಂಡಿದ್ದು 2020ರ ಮರುವಿಂಗಡಣೆಯ ನಂತರ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಆಗಿರುವ ಪ್ಲಾಂಟಾರಂ, ಮತ್ತು ಎದುರಾಳಿಯಾಗಿ ರೋಗಕಾರಕವಲ್ಲದ ಇ. ಕೋಲಿ ತಳಿ. ಬ್ಯಾಕ್ಟೀರಿಯ ಬೆಳೆಸುವ ಪೋಷಕ ದ್ರವದ, ಅಂದರೆ ಮಾಧ್ಯಮದ, ಆಯ್ಕೆಯಲ್ಲಿ ನ್ಯಾಯ ಇರಬೇಕು. ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳಿಗೆಂದೇ ರೂಪಿಸಿದ ಎಂಆರ್‌ಎಸ್ ಮಾಧ್ಯಮದಲ್ಲಿ ಇ. ಕೋಲಿ ಮೊದಲೇ ಸೊರಗುತ್ತದೆ. ಅದರಲ್ಲಿ ಬೆಳೆಸಿ, ನೋಡಿ ಇ. ಕೋಲಿ ನಮ್ಮ ಸಕ್ಕರೆಯನ್ನು ತಿನ್ನಲಿಲ್ಲ ಎಂದು ಹೇಳುವುದು ಸರಿಯಾಗುವುದಿಲ್ಲ. ಮೂವರಿಗೂ ಒಂದೇ ಪೆಪ್ಟೋನ್ ಮಾಧ್ಯಮ ಕೊಟ್ಟೆವು. ಸಕ್ಕರೆಯೇ ಇಲ್ಲದ್ದು, ಗ್ಲೂಕೋಸ್ ಇರುವುದು, ಮ್ಯಾನೋಸ್ ಇರುವುದು, ನಮ್ಮ ಪುಡಿ ಶೇ 1ರಷ್ಟು ಇರುವುದು ಎಂದು ಪ್ರತಿಯೊಬ್ಬರಿಗೂ ನಾಲ್ಕು ಬಗೆ. ಪುಡಿಯನ್ನು ಕಾಯಿಸದೆ 0.22 ಮೈಕ್ರಾನ್ ಸೋಸುಗದಲ್ಲಿ ಸೋಸಿ ಸೇರಿಸಿದೆವು. ಬೈಫಿಡೋಬ್ಯಾಕ್ಟೀರಿಯಕ್ಕೆ ಆಮ್ಲಜನಕ ಆಗದು. ಮೇಣದಬತ್ತಿ ಉರಿಸಿ ಮುಚ್ಚುವ ಜಾಡಿ ಅದಕ್ಕೆ ಸಾಲದು, ಆಮ್ಲಜನಕ ಹೀರುವ ಪೊಟ್ಟಣವಿರುವ ಜಾಡಿಯೇ ಬೇಕು. ಮಾಧ್ಯಮದಲ್ಲಿ ಆಮ್ಲಜನಕವನ್ನು ತಗ್ಗಿಸುವ ಸಿಸ್ಟೀನ್ ಮತ್ತು ಅದನ್ನು ತೋರಿಸಿಕೊಡುವ ಬಣ್ಣವಾದ ರೆಸಜುರಿನ್ ಇರಲಿ. ರೆಸಜುರಿನ್ ಗುಲಾಬಿಯಾಗಿದ್ದರೆ ಗಾಳಿ ಇನ್ನೂ ಇದೆ, ಬಣ್ಣ ಹೋದರೆ ಬ್ಯಾಕ್ಟೀರಿಯವನ್ನು ಒಳಗೆ ಬಿಡಬಹುದು. ಬೆಳವಣಿಗೆಯನ್ನು ದ್ರವದ ಮಬ್ಬಿನಿಂದ ಅಂದಾಜಿಸುವ ಬೆಳಕಿನ ಅಳತೆಯನ್ನು ಉಳಿದಿರುವ ಕಂದು ಬಣ್ಣ ದಾರಿ ತಪ್ಪಿಸುವುದರಿಂದ ತಟ್ಟೆಯ ಮೇಲಿನ ಕಾಲೊನಿಗಳನ್ನು ಎಣಿಸಿದೆವು, ಪಿಎಚ್ ಇಳಿಕೆಯನ್ನೂ ಬರೆದಿಟ್ಟೆವು.

ಬೈಫಿಡೋಬ್ಯಾಕ್ಟೀರಿಯ ನಮ್ಮ ಪುಡಿಯಲ್ಲಿ ಗ್ಲೂಕೋಸಿಗಿಂತ ನಿಧಾನವಾಗಿ, ಆದರೆ ಚೆನ್ನಾಗಿ ಬೆಳೆಯಿತು. ಬೆಳೆದ ಮೇಲೆ ಉಳಿದ ದ್ರವವನ್ನು ಸಿಲಿಕಾ ತಟ್ಟೆಯ ಮೇಲೆ ನೋಡಿದಾಗ ಎರಡರ ತುಂಡೂ ಮೂರರ ತುಂಡೂ ಮಾಯವಾಗಿದ್ದವು. ಪ್ಲಾಂಟಾರಂ ಎರಡರದನ್ನು ತಿಂದು ಮೂರರದನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿತ್ತು. ಇ. ಕೋಲಿ ಮ್ಯಾನೋಸಿನಲ್ಲಿ ಭರದಿಂದ ಬೆಳೆದದ್ದು ನಮ್ಮ ಪುಡಿಯಲ್ಲಿ ಸಕ್ಕರೆಯಿಲ್ಲದ ಮಾಧ್ಯಮದ ಮಟ್ಟವನ್ನು ಅಷ್ಟಾಗಿ ದಾಟಲಿಲ್ಲ. ಹೋಲಿಕೆಗೆಂದು ಶಿಲೀಂಧ್ರದ ಕಿಣ್ವದಿಂದ ಮಾಡಿದ, ಇದ್ದಿಲು ಹಾಯಿಸದ ಪಾಕವನ್ನೂ ಕೊಟ್ಟು ನೋಡಿದೆವು. ಅದರಲ್ಲಿ ಇ. ಕೋಲಿ ಹುಲುಸಾಗಿ ಬೆಳೆಯಿತು. ಒಂದೇ ಚರಟ, ಕಿಣ್ವ ಬದಲಾದಾಗ ಉಣ್ಣುವವರೂ ಬದಲಾದರು. ಆ ತಟ್ಟೆಗಳನ್ನು ಎಣಿಸಿದ ದಿನ ಪ್ರಯೋಗಾಲಯದಲ್ಲಿ ಇದ್ದ ಸಂಭ್ರಮವನ್ನು ನಾನು ಮರೆಯಲಾರೆ.

ನಮ್ಮ ತುಂಡು ಸಕ್ಕರೆಗಳ ಹೆಸರು ಮ್ಯಾನೋ-ಆಲಿಗೋಸ್ಯಾಕರೈಡ್. ಪಶು ಆಹಾರದಲ್ಲಿ ಬಳಸುವ ಯೀಸ್ಟ್ ಮ್ಯಾನನ್ ಉತ್ಪನ್ನಗಳೂ ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವುಗಳ ಬೆಸುಗೆ ಆಲ್ಫಾ ಬಗೆಯದು, ಕಾಫಿಯದು ಬೀಟಾ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವಂತಿಲ್ಲ. ಜಪಾನಿನಲ್ಲಿ ಕಾಫಿಯ ಮ್ಯಾನೋ-ಆಲಿಗೋಸ್ಯಾಕರೈಡ್ ಸೇರಿಸಿದ ಪಾನೀಯಗಳು ಮಾರುಕಟ್ಟೆಗೆ ಬಂದಿವೆ. ಹಾಗೆಂದು ಚರಟವನ್ನೇ ತಿಂದರೆ ಆಗದೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಕರುಳಿಗೆ ಸಂಕೀರ್ಣ ಸಕ್ಕರೆ ಬೇಕಿದ್ದರೆ ಅವರೆಕಾಳಿನ ಕಾಲದಲ್ಲಿ ಅದು ತಟ್ಟೆಯಲ್ಲೇ ಇದೆ. ಹೊಟ್ಟೆ ಉಬ್ಬರಿಸುತ್ತದೆ ಎಂದು ನಾವು ದೂರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳು ನಮ್ಮ ಕಿಣ್ವಗಳಿಗೆ ಸಿಗದೆ ದೊಡ್ಡ ಕರುಳು ತಲುಪಿ ಬ್ಯಾಕ್ಟೀರಿಯಗಳ ಆಹಾರವಾಗುತ್ತವೆ. ಆ ಅನಿಲ ಅವುಗಳ ಊಟದ ಗುರುತು. ಕಾಳನ್ನು ನೆನೆಸಿ ನೀರು ಚೆಲ್ಲಿದರೆ ಅದರಲ್ಲಿ ಒಂದಿಷ್ಟು ಹೋಗುತ್ತದೆ.

ಕೊಳವೆಯಲ್ಲಿ ಮೂರು ತಳಿಗಳು ಬೆಳೆದದ್ದು ಕರುಳಲ್ಲ. ಕರುಳಿನಲ್ಲಿ ಬ್ಯಾಕ್ಟೀರಾಯ್ಡೀಸ್ ಥೀಟಾಯೋಟಾಮೈಕ್ರಾನ್ ಎಂಬ ಒಂದೇ ಪ್ರಭೇದದ ಬಳಿ ಸಕ್ಕರೆ ಬಂಧ ಬಿಡಿಸುವ 250ಕ್ಕೂ ಹೆಚ್ಚು ಕಿಣ್ವಗಳ ಜೀನುಗಳಿವೆ. ಅದು ನಮ್ಮ ತುಂಡುಗಳನ್ನು ಮೊದಲೇ ಕಬಳಿಸಬಹುದು. ಬೈಫಿಡೋಬ್ಯಾಕ್ಟೀರಿಯ ಬಿಡುವ ಅಸಿಟೇಟನ್ನು ತಿಂದು ಕರುಳಿನ ಒಳಪದರಕ್ಕೆ ಬೇಕಾದ ಬ್ಯುಟಿರೇಟ್ ಮಾಡುವ ಫೀಕಾಲಿಬ್ಯಾಕ್ಟೀರಿಯಂನಂಥವೂ ಅಲ್ಲಿವೆ. ಆದ್ದರಿಂದ ಈಗ ಮಾಡಬೇಕಿರುವುದು ಆರೋಗ್ಯವಂತ ದಾನಿಗಳ ಮಲದ ಮಿಶ್ರ ಬ್ಯಾಕ್ಟೀರಿಯಗಳ ಜೊತೆಗಿನ ಪರೀಕ್ಷೆ. ಹಿಂದಿನ ಮೂರು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿರಬಾರದು ಎಂಬುದು ದಾನಿಗಳಿಗೆ ನಾವು ಇಟ್ಟಿರುವ ಷರತ್ತು. ನೈತಿಕ ಸಮಿತಿಯ ಅನುಮತಿಗೆ ಅರ್ಜಿ ಹೋಗಿದೆ.

ಬೇರೆ ಕಾಲೇಜಿನವರು ಇದನ್ನು ಶುರುಮಾಡುವುದಾದರೆ ಚರಟಕ್ಕೂ ಮೊದಲು ಗೋರಿಕಾಯಿ ಗೋಂದಿನಿಂದ ಶುರುಮಾಡಲಿ. ಶೇ 1ರ ಗೋಂದು ಚಮಚಕ್ಕೆ ಅಂಟಿ ನಿಲ್ಲುತ್ತದೆ. ಒಳ್ಳೆಯ ಮ್ಯಾನನೇಸ್ ಬೆರೆಸಿ ಬೆಚ್ಚಗೆ ಇಟ್ಟರೆ ಕಣ್ಣೆದುರಿಗೇ ತೆಳುವಾಗಿ ಸುರಿಯತೊಡಗುತ್ತದೆ. ಕಿಣ್ವ ನಡುವೆ ಕಡಿಯುತ್ತಿದೆ ಎಂಬುದಕ್ಕೆ ಉಪಕರಣವಿಲ್ಲದೆ ಸಿಗುವ ಸಾಕ್ಷಿ ಅದು. ತುದಿಯಿಂದ ಮಾತ್ರ ಕಡಿಯುವ ಕಿಣ್ವದಲ್ಲಿ ಗೋಂದು ಬಹಳ ಹೊತ್ತು ದಪ್ಪಗೇ ಇರುತ್ತದೆ.