ಕಾರವಾರದ ಕಡಲಪಾಚಿಯಲ್ಲಿ ಪರಾವಲಂಬಿ ರೋಗಗಳ ಮದ್ದು ಹುಡುಕುವ ಕ್ರಮ

ಜಪಾನಿನಲ್ಲಿ ಜಂತುಹುಳುವಿಗೆ ಡೈಜಿನಿಯಾ ಸಿಂಪ್ಲೆಕ್ಸ್ ಎಂಬ ಕೆಂಪು ಪಾಚಿಯ ಕಷಾಯ ಕುಡಿಸುವ ರೂಢಿ ಬಹಳ ಹಳೆಯದು; ಹುಳುವನ್ನು ನಿಶ್ಚೇಷ್ಟಗೊಳಿಸುವ ಕೈನಿಕ್ ಆಮ್ಲವನ್ನು ಅಲ್ಲಿನ ವಿಜ್ಞಾನಿಗಳು 1953ರಲ್ಲಿ ಅದರಿಂದ ಬೇರ್ಪಡಿಸಿದರು. ನಮ್ಮ ಕರಾವಳಿಯ ಪಾಚಿಗಳಲ್ಲಿ ಇಂಥದ್ದನ್ನು ಹುಡುಕಬಯಸುವ ವಿದ್ಯಾರ್ಥಿಯ ಕೆಲಸ ಪ್ರಯೋಗಾಲಯದಲ್ಲಲ್ಲ, ಬಂಡೆಯ ಮೇಲೆ ಆರಂಭವಾಗುತ್ತದೆ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚಿರುವಾಗ ಬಿಣಗಾ ಅಥವಾ ಮಾಜಾಳಿಯ ಬಂಡೆಗಳಿಗೆ ಹೋಗಬೇಕು. ಸರ್ಗಾಸಮ್, ಪಡೀನಾ, ಉಲ್ವಾ, ಗ್ರಾಸಿಲೇರಿಯಾಗಳನ್ನು ಬೇರೆಬೇರೆ ಚೀಲಗಳಲ್ಲಿ ಹಾಕಿಕೊಳ್ಳಿ. ಬುಡ ಕೀಳದೆ ಮೇಲ್ಭಾಗವನ್ನಷ್ಟೇ ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಪ್ರತಿ ಸಂಗ್ರಹದಿಂದ ಒಂದು ಮಾದರಿಯನ್ನು ಹಾಳೆಯ ಮೇಲೆ ಒತ್ತಿ ಒಣಗಿಸಿ, ದಿನಾಂಕ, ಸ್ಥಳ ಬರೆದು, ಪಾಚಿತಜ್ಞರಿಂದ ಗುರುತಿಸಿಕೊಳ್ಳುವುದನ್ನು ಯಾವ ಕಾರಣಕ್ಕೂ ಬಿಡಬಾರದು. ಜಾತಿ ತಪ್ಪಿದರೆ ಮುಂದಿನ ದುಡಿಮೆಯೆಲ್ಲ ವ್ಯರ್ಥ.

ಉಳಿದುದನ್ನು ಸಮುದ್ರದ ನೀರಿನಲ್ಲೇ ತೊಳೆದು, ಅಂಟಿಕೊಂಡ ಮರಳು, ಚಿಪ್ಪು, ಸಣ್ಣ ಪಾಚಿಗಳನ್ನು ಬಿಡಿಸಿ, ಸಿಹಿನೀರಿನಲ್ಲಿ ಬೇಗನೆ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಪುಡಿಯನ್ನು ಮೊದಲು ಹೆಕ್ಸೇನ್, ಬಳಿಕ ಈಥೈಲ್ ಅಸಿಟೇಟ್, ಕೊನೆಗೆ ಮೆಥನಾಲ್‌ನಲ್ಲಿ ನೆನೆಸಿ ಸೋಸಿ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡಿಮೆ ಒತ್ತಡದಡಿ ದ್ರಾವಕವನ್ನು ಆವಿಯಾಗಿಸಬೇಕು; ಉಳಿಯುವುದೇ ಸಾರ. ಈ ದ್ರಾವಕಗಳೆಲ್ಲ ಬೆಂಕಿಗೂ ಉಸಿರಿಗೂ ಅಪಾಯಕಾರಿಯಾದ್ದರಿಂದ, ಆವಿಯನ್ನು ಹೊರಗೆ ಸೆಳೆಯುವ ಫ್ಯೂಮ್ ಹುಡ್ ಇಲ್ಲದಲ್ಲಿ ಕೈಹಾಕಬೇಡಿ.

ಪರೀಕ್ಷೆಯ ಹಂತದಲ್ಲೇ ಹೆಚ್ಚಿನವರು ಆತುರಪಡುತ್ತಾರೆ. ಸಾರವನ್ನು ಎರೆಹುಳುವಿನ ಮೇಲೆ ಹಾಕಿ, ಜಂತುಹುಳುವಿನ ಮದ್ದಾದ ಆಲ್ಬೆಂಡಝೋಲ್ ಜೊತೆ ಹೋಲಿಸಿ ನೋಡುವುದು ಅಗ್ಗದ ಮೊದಲ ಸುಳಿವು ಮಾತ್ರ, ಏಕೆಂದರೆ ಎರೆಹುಳು ಪರಾವಲಂಬಿಯಲ್ಲ. ಕಾಲಾ ಅಜಾರ್ ರೋಗ ತರುವ ಲೀಶ್ಮೇನಿಯಾದಂಥ ಏಕಕೋಶ ರೋಗಾಣುವಿನ ಮೇಲೆ ಪರೀಕ್ಷಿಸಲು ಸೂಕ್ತ ಜೈವಿಕ ಸುರಕ್ಷತೆಯುಳ್ಳ ಪ್ರಯೋಗಾಲಯದ ನೆರವು ಬೇಕು. ಅಲ್ಲಿಯೂ ಸ್ವತಂತ್ರವಾಗಿ ಈಜುವ ಹಂತದ ಮೇಲಷ್ಟೇ ಅಲ್ಲ, ಮನುಷ್ಯನ ದೇಹದಲ್ಲಿ ಜೀವಕೋಶದೊಳಗೆ ಅಡಗಿರುವ ಹಂತದ ಮೇಲೂ ಸಾರ ಕೆಲಸ ಮಾಡಬೇಕು. ಕೊಂದದ್ದು ಸಾರವೋ ದ್ರಾವಕವೋ ಎಂದು ತಿಳಿಯಲು, ದ್ರಾವಕವನ್ನಷ್ಟೇ ಹಾಕಿದ ಒಂದು ಬಟ್ಟಲು ಪಕ್ಕದಲ್ಲಿ ಇರಲೇಬೇಕು.

ಅದೇ ಸಾರವನ್ನು ಸಸ್ತನಿಯ ಜೀವಕೋಶಗಳ ಮೇಲೂ ಪರೀಕ್ಷಿಸಿ, ಅವುಗಳಲ್ಲಿ ಅರ್ಧವನ್ನು ಕೊಲ್ಲುವ ಪ್ರಮಾಣವನ್ನು ರೋಗಾಣುಗಳಲ್ಲಿ ಅರ್ಧವನ್ನು ತಡೆಯುವ ಪ್ರಮಾಣದಿಂದ ಭಾಗಿಸಿ ನೋಡಿ. ಉತ್ತರ 10ಕ್ಕಿಂತ ಹೆಚ್ಚಿದ್ದರೆ ಮುಂದುವರಿಯಲು ಕಾರಣವಿದೆ. ಈ ಲೆಕ್ಕ ಏಕೆ ಮುಖ್ಯವೆಂದರೆ, ಹುಳುವನ್ನು ಮಣಿಸಿದ ಕೈನಿಕ್ ಆಮ್ಲವೇ ಮಿದುಳಿನ ನರಕೋಶಗಳನ್ನೂ ಕೊಲ್ಲಬಲ್ಲದು. ಅದರ ಸಮೀಪದ ಬಂಧು ಡೊಮೋಯಿಕ್ ಆಮ್ಲವೂ ಮೊದಲು ಜಂತುನಾಶಕ ಪಾಚಿಯಲ್ಲೇ ಸಿಕ್ಕಿತು. 1987ರಲ್ಲಿ ಕೆನಡಾದಲ್ಲಿ ಅದು ಸೇರಿದ್ದ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರು ಸತ್ತರು. ಆದ್ದರಿಂದ ತೀರದ ಪಾಚಿಯನ್ನು ಮನೆಮದ್ದಾಗಿ ಯಾರಿಗೂ ಕೊಡಬೇಡಿ.

ಎರಡೂ ಪರೀಕ್ಷೆ ದಾಟಿದ ಸಾರವನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ ವಿಧಾನದಿಂದ ಭಾಗಗಳಾಗಿ ಒಡೆದು ಪ್ರತಿ ಭಾಗವನ್ನೂ ಮತ್ತೆ ಪರೀಕ್ಷಿಸಿ. ಪಾಚಿಯ ರಸಾಯನ ಋತುವಿನೊಂದಿಗೆ ಬದಲಾಗುವುದರಿಂದ, ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಬಂಡೆಯಿಂದ ಮತ್ತೊಮ್ಮೆ ಸಂಗ್ರಹಿಸಿ ಹೋಲಿಸಿ ನೋಡಿ.