‘ಸ’ ಎಲ್ಲಿದೆ ಅಂತ ಹುಡುಕುತ್ತಾ ಹಾರ್ಮನಿ ಕಲಿತೆ

ಮೊದಲ ದಿನದ ಕ್ಲಾಸಿನಲ್ಲಿ ಪ್ರೊಫೆಸರ್ ಪಿಯಾನೋ ಮೇಲೆ ಎಂಟು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸಿ, ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಏನು ಹಾಡಿತು ಬರೆಯಿರಿ ಅಂದರು. ನಾನು ಬೇಗ ಬೇಗ ಸ್ವರ ಹಾಕಿಕೊಂಡೆ. ಒಂದೂ ತಪ್ಪಿರಲಿಲ್ಲ. ಆದರೆ ನಾನು ಬರೆದದ್ದು ಎಲ್ಲಕ್ಕಿಂತ ಮೇಲಿನ ದನಿ. ಬಾಸ್ ನನಗೆ ಕೇಳಿಸಿಯೇ ಇರಲಿಲ್ಲ.

ಮೈಸೂರಿನಲ್ಲಿ ಹನ್ನೆರಡು ವರ್ಷ ಕರ್ನಾಟಕ ಸಂಗೀತದ ಹಾಡು ಕಲಿತವಳು ನಾನು. ಸೀನಿಯರ್ ಪರೀಕ್ಷೆ ಮುಗಿಸಿದ್ದೆ. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮ್ಯೂಸಿಕ್ ಥಿಯರಿಗೆ ಸೇರಿದೆ. ನಾಲ್ಕು ಸೆಮಿಸ್ಟರಿನ ಕೋರ್ಸು. ಮೊದಲ ಎರಡರಲ್ಲಿ ಸ್ಕೇಲು, ಕಾರ್ಡು, ನಾಲ್ಕು ದನಿಗೆ ಬರೆಯುವ ನಿಯಮ. ಆಮೇಲಿನ ಎರಡರಲ್ಲಿ ಮಾಡ್ಯುಲೇಶನ್ (ಹಾಡಿನ ನಡುವೆ ಷಡ್ಜ ಬದಲಿಸುವುದು), ಕ್ರೊಮ್ಯಾಟಿಕ್ ಹಾರ್ಮನಿ (ಸ್ಕೇಲಿನ ಹೊರಗಿನ ಸ್ವರಗಳ ಕಾರ್ಡು). ಜೊತೆಗೆ ಕಿವಿ ತರಬೇತಿಗೆ ಬೇರೆ ಕ್ಲಾಸು.

ಸ್ವರಜ್ಞಾನ ಇದೆ, ಸುಲಭವಾಗುತ್ತದೆ ಅಂದುಕೊಂಡಿದ್ದೆ. ಕೇಳಿದ್ದನ್ನು ಬರೆಯುವುದು, ಬರೆದದ್ದನ್ನು ಹಾಡುವುದು ನಿಜಕ್ಕೂ ಸುಲಭವಾಗಿಯೇ ಇತ್ತು. ಕಷ್ಟ ಬೇರೆ ಕಡೆ ಇತ್ತು. ನನ್ನ ಕಿವಿ ಬೆಳೆದದ್ದು ಒಂದು ದನಿಯಲ್ಲಿ, ಒಂದು ಶ್ರುತಿಯಲ್ಲಿ. ಇಲ್ಲಿ ನಾಲ್ಕು ದನಿ ಒಟ್ಟಿಗೆ ನಡೆಯುತ್ತವೆ, ಅದೇ ಹಾರ್ಮನಿ. ಅದರ ಮೇಲೆ ‘ಸ’ ಜಾಗ ಬದಲಿಸುತ್ತದೆ. ನಿಯಮಗಳನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಿದೆ. ಈ ಎರಡು ಸಂಗತಿ ಕಿವಿಗೆ ಇಳಿಯಲು ಒಂದೂವರೆ ವರ್ಷ ಬೇಕಾಯಿತು.

ದಾರಿ ತೋರಿಸಿದ್ದು ಪ್ರೊಫೆಸರ್ ಹೇಳಿದ ಒಂದು ಮಾತು: ನೀವು ಹಾಡುಗಾರ್ತಿ ಅಲ್ವಾ, ಹಾಗಾದರೆ ಹಾಡಿಯೇ ಕಲಿಯಿರಿ.

61 ಕೀಗಳ ಹಳೆಯ ಕೀಬೋರ್ಡ್ ಒಂದನ್ನು ಕೊಂಡೆ. ಜರ್ಮನಿಯ ಸಂಗೀತಕಾರ ಬಾಖ್‌ನ ಕೋರಲ್ ಸಂಗ್ರಹ ತಂದೆ. ಬಾಖ್ ತೀರಿಕೊಂಡ ಮೇಲೆ, 1784ರಿಂದ 1787ರೊಳಗೆ ಅಚ್ಚಾದ 371 ಕೋರಲ್‌ಗಳು. ಇವು ಚರ್ಚಿನ ಹಾಡುಗಳಿಗೆ ನಾಲ್ಕು ದನಿಯಲ್ಲಿ ಮಾಡಿದ ಜೋಡಣೆಗಳು. ಹಾರ್ಮನಿ ಕಲಿಯುವವರಿಗೆ ಇವು ನಮ್ಮ ಸರಳೆ, ಜಂಟಿ, ಅಲಂಕಾರ ಇದ್ದ ಹಾಗೆ. ಪ್ರತಿ ಬೆಳಿಗ್ಗೆ 40 ನಿಮಿಷ ಕೂರುತ್ತಿದ್ದೆ. ಒಂದು ದನಿಯನ್ನು ಸ್ವರ ಹಾಕಿ ಹಾಡುವುದು, ಉಳಿದ ಮೂರನ್ನು ಕೈಯಲ್ಲಿ ನುಡಿಸುವುದು. ಒಂದು ಕೋರಲ್‌ಗೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ನಾನು ಪಿಯಾನೋ ಕಲಿತವಳಲ್ಲ, ಹಾಗಾಗಿ ತುಂಬಾ ನಿಧಾನ. ಬಾಸನ್ನು ನನ್ನ ದನಿಗೆ ಸರಿಯಾಗಿ ಒಂದು ಸ್ಥಾಯಿ ಮೇಲೆ ಹಾಡುತ್ತಿದ್ದೆ.

ಅತಿ ಹೆಚ್ಚು ಕಲಿಸಿದ್ದು ಆಲ್ಟೋ, ಅಂದರೆ ಮೇಲಿನಿಂದ ಎರಡನೇ ದನಿ. ಅದರಲ್ಲಿ ಏನೂ ನಡೆಯುವುದಿಲ್ಲ ಅನಿಸುತ್ತದೆ. ಸುಮ್ನೆ ಒಂದೇ ಸ್ವರ ಹಿಡಿದು ನಿಂತಿರುತ್ತದೆ. ಶಂಕರಾಭರಣ ರಾಗದ ಲೆಕ್ಕದಲ್ಲಿ ಹೇಳುತ್ತೇನೆ. ಸ ಗ ಪ ಒಂದು ಕಾರ್ಡ್, ಪ ನಿ ರಿ ಇನ್ನೊಂದು. ‘ಪ’ ಎರಡರಲ್ಲೂ ಇದೆ. ನಾನು ಪಂಚಮ ಹಿಡಿದು ನಿಂತಿದ್ದೇನೆ, ಕೆಳಗೆ ಕಾರ್ಡ್ ಬದಲಾಗುತ್ತದೆ. ಸ್ವರ ಅದೇ, ಶ್ರುತಿ ಅದೇ, ಆದರೆ ಅದರ ಬಣ್ಣ ಬೇರೆಯಾಗಿಬಿಡುತ್ತದೆ. ಮೊದಲನೆಯದರಲ್ಲಿ ಅದು ತುದಿಯಲ್ಲಿ ಹಗುರವಾಗಿ ಕೂತಿತ್ತು. ಎರಡನೆಯದರಲ್ಲಿ ಅದೇ ಬುಡ. ಅದನ್ನು ಗಂಟಲಲ್ಲಿ ಅನುಭವಿಸಿದ ಬೆಳಿಗ್ಗೆ ನಾನು ಕೀಬೋರ್ಡ್ ಬಿಟ್ಟು ಏಳಲೇ ಇಲ್ಲ. ಅಲ್ಲಿಯವರೆಗೆ ಹಾರ್ಮನಿ ಅಂದರೆ ರಾಗಕ್ಕೆ ಹಿಂದಿನಿಂದ ಹಚ್ಚುವ ಬಣ್ಣ ಅಂದುಕೊಂಡಿದ್ದೆ. ಹಾಗಲ್ಲ.

ಇನ್ನೊಂದು ಗೊಂದಲ ಬೇರಿನದು, ಅಂದರೆ ಕಾರ್ಡ್ ಯಾವ ಸ್ವರದ ಮೇಲೆ ಕಟ್ಟಿದೆ ಅನ್ನುವುದರದು. ನನಗೆ ಕೆಳಗಿನ ಸ್ವರವೇ ಆಧಾರ ಸ್ವರ. ಆದರೆ ಇಲ್ಲಿ ಸ ಗ ಪ ಕಾರ್ಡಿನಲ್ಲಿ ಗಾಂಧಾರ ಕೆಳಗೆ ಬಂದರೂ ಬೇರು ಮಾತ್ರ ‘ಸ’. ಫ್ರಾನ್ಸಿನ ಸಂಗೀತಕಾರ ರಾಮೋ 1722ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ತಳಪಾಯವಾಗಿ ಹಾಕಿದ. ಇದು ಬಾಸ್ ಹಾಡಿದ ಮೇಲೆ ತಾನಾಗಿ ತಿಳಿಯಿತು.

ಸಮಾನಾಂತರ ಪಂಚಮದ ವಿಷಯಕ್ಕೆ ಮಾತ್ರ ನನಗೆ ಜಾಸ್ತಿ ಕೆಂಪು ಗೆರೆ ಬಿದ್ದವು. ಎರಡು ದನಿಗಳು ಸ-ಪ ಅಂತರದಲ್ಲಿದ್ದು, ಮುಂದಿನ ಕಾರ್ಡಿಗೂ ಅದೇ ಅಂತರದಲ್ಲಿ ಒಟ್ಟಿಗೆ ಜರುಗಬಾರದು. ತಂಬೂರಿ ಪಕ್ಕದಲ್ಲಿ ಬೆಳೆದವಳಿಗೆ ಸ-ಪ ತಪ್ಪು ಅಂದರೆ ಹೇಗೆ? ನನಗೆ ಅದು ಅನ್ಯಾಯ ಅನಿಸಿತ್ತು. ಗೆಳತಿಯನ್ನು ಕೂರಿಸಿಕೊಂಡು ಇಬ್ಬರೂ ಹಾಡಿ ನೋಡಿದೆವು. ಪಂಚಮದಲ್ಲಿ ಒಟ್ಟಿಗೆ ಜರುಗಿದ ಕೂಡಲೇ ಎರಡು ದನಿ ಬೆಸೆದು ಒಂದಾಗಿ ಕೇಳಿಸಿತು. ನಾಲ್ವರಲ್ಲಿ ಒಬ್ಬರು ಮಾಯ. ತಂಬೂರಿಯಲ್ಲಿ ನಮಗೆ ಬೇಕಾದದ್ದೇ ಆ ಬೆಸುಗೆ. ಬಾಖ್‌ಗೆ ಬೇಕಾದದ್ದು ನಾಲ್ಕು ಜನ ತಮ್ಮ ತಮ್ಮ ದಾರಿಯಲ್ಲಿ ನಡೆಯುವುದು. ಅಂದಿನಿಂದ ಆ ತಪ್ಪು ಕಣ್ಣಿಗಿಂತ ಮೊದಲು ಕಿವಿಗೆ ಸಿಗತೊಡಗಿತು.

ಮೂರನೇ ಸೆಮಿಸ್ಟರಿನಲ್ಲಿ ಮಾಡ್ಯುಲೇಶನ್ ಬಂತು. ಕ್ಲಾಸಿನಲ್ಲಿದ್ದ ನಮ್ಮ ಕಡೆಯ ಇನ್ನೊಬ್ಬ ಹುಡುಗ, ಅಕ್ಕಾ ಇದು ಗ್ರಹಭೇದ ಅಲ್ವಾ ಅಂದ. ನಾನೂ ಮೊದಲು ಹಾಗೇ ತಿಳಿದಿದ್ದೆ. ಬರೆದು ನೋಡಿದರೆ ಅಲ್ಲ. ಗ್ರಹಭೇದದಲ್ಲಿ ಸ್ವರಗಳು ಅವೇ ಇರುತ್ತವೆ, ಷಡ್ಜ ಸರಿಯುತ್ತದೆ, ರಾಗ ಬೇರೆಯಾಗುತ್ತದೆ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿದರೆ ನಟಭೈರವಿ. ಸಿ ಮೇಜರಿನಿಂದ (ಸಿ ಸ್ವರವೇ ಷಡ್ಜವಾದ ಶಂಕರಾಭರಣ) ಜಿ ಮೇಜರಿಗೆ ಹೋಗುವಾಗ ಆಗುವುದು ಬೇರೆ. ಷಡ್ಜ ಪಂಚಮಕ್ಕೆ ಹೋಗುತ್ತದೆ, ಆದರೆ ಶಂಕರಾಭರಣ ಶಂಕರಾಭರಣವಾಗಿಯೇ ಉಳಿಯುತ್ತದೆ. ಅದಕ್ಕಾಗಿ ಒಂದು ಸ್ವರ ಬದಲಾಗಬೇಕು. ಎಫ್ ಹೋಗಿ ಅದಕ್ಕಿಂತ ಒಂದು ಸ್ಥಾನ ಮೇಲಿನ ಎಫ್ ಶಾರ್ಪ್ ಬರುತ್ತದೆ, ಹೊಸ ಷಡ್ಜಕ್ಕೆ ನಿಷಾದವಾಗಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಮಧ್ಯಮ ಶ್ರುತಿ. ಕುರಿಂಜಿ, ನವರೋಜು ಹಾಡುವಾಗ ಮಧ್ಯಮವನ್ನೇ ಷಡ್ಜ ಮಾಡಿಕೊಳ್ಳುತ್ತೇವಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಅದು ಹಾಡಿನ ನಡುವೆಯೇ ಆಗುತ್ತದೆ.

ನಾನು ಕಂಡುಕೊಂಡ ಅಭ್ಯಾಸ ಇದು. ಹಳೆಯ, ಹೊಸ ಎರಡು ಸ್ಕೇಲಿಗೂ ಸೇರಿದ ಕಾರ್ಡ್ ಒಂದು ಇರುತ್ತದೆ, ಅದಕ್ಕೆ ಪಿವಟ್ ಅನ್ನುತ್ತಾರೆ. ಸಿ ಮೇಜರಿನಲ್ಲಿ ಎ ಮೈನರ್ ಕಾರ್ಡ್ ದ ಸ ಗ. ಜಿ ಮೇಜರಿನಲ್ಲಿ ಅದೇ ರಿ ಮ ದ. ಅಲ್ಲಿಗೆ ಬಂದಾಗ ಮೊದಲು ದ ಸ ಗ ಅಂತ ಹಾಡಿ, ಉಸಿರು ತೆಗೆದುಕೊಂಡು, ಅದೇ ಮೂರು ಸ್ವರವನ್ನು ರಿ ಮ ದ ಅಂತ ಹಾಡುತ್ತಿದ್ದೆ. ಒಂದೂ ಸ್ವರ ಮೇಲೆ ಕೆಳಗೆ ಆಗಿಲ್ಲ. ಹೆಸರು ಬದಲಾದ ಕೂಡಲೇ ಮನಸ್ಸು ಹೊಸ ಮನೆಯ ಕಡೆ ತಿರುಗುತ್ತದೆ. ತಿಂಗಳುಗಟ್ಟಲೆ ಇದನ್ನೇ ಮಾಡಿದೆ.

ನಿಯಾಪಾಲಿಟನ್ ಸಿಕ್ಸ್ತ್ ಅನ್ನುವ ಕಾರ್ಡಿನ ಪಾಠ ನನಗೆ ಮರೆಯುವುದಿಲ್ಲ. ಸಿ ಮೈನರಿನಲ್ಲಿ ಡಿ ಫ್ಲಾಟ್, ಎಫ್, ಎ ಫ್ಲಾಟ್ (ಫ್ಲಾಟ್ ಅಂದರೆ ಒಂದು ಸ್ಥಾನ ಕೆಳಗೆ). ಎಫ್ ಕೆಳಗಿರುತ್ತದೆ. ಡಿ ಫ್ಲಾಟ್ ಕೆಳಕ್ಕೆ ಬಿ ಸ್ವರಕ್ಕೆ ಜಾರಿ, ಅಲ್ಲಿಂದ ಸಿಗೆ ಏರಿ ನಿಲ್ಲುತ್ತದೆ. ಕ್ಲಾಸಿನಲ್ಲಿ ಎಲ್ಲರಿಗೂ ಆ ಜಿಗಿತ ವಿಚಿತ್ರ ಅನಿಸಿತು. ನನಗೆ ಎಲ್ಲೋ ಕೇಳಿದ ಹಾಗಿತ್ತು, ಎಲ್ಲಿ ಅಂತ ಹೊಳೆಯಲಿಲ್ಲ. ರಾತ್ರಿ ಮೈಸೂರಿಗೆ ಫೋನ್ ಮಾಡಿ ಮೇಷ್ಟ್ರಿಗೆ ಹಾಡಿ ತೋರಿಸಿದೆ.

“ರಿ ನಿ ಸ ಅಲ್ವೇನಮ್ಮ ಅದು. ಮಾಯಾಮಾಳವಗೌಳ. ಏಳನೇ ವಯಸ್ಸಿಂದ ಹಾಡ್ತಾ ಇದ್ದೀಯ” ಅಂದರು.

ಶುದ್ಧ ರಿಷಭ, ಕಾಕಲಿ ನಿಷಾದ, ಷಡ್ಜ. ನಾನು ಸರಳೆ ವರಸೆ ಕಲಿತ ರಾಗ. ಆ ಕಾರ್ಡಿನ ಮೂರೂ ಸ್ವರ, ರಿ ಮ ದ, ಅದೇ ರಾಗದವು. ಫೋನ್ ಇಟ್ಟ ಮೇಲೆ ಕಣ್ಣು ತುಂಬಿ ಬಂತು.

ಆಮೇಲೆ ನಾನೇ ಹುಡುಕತೊಡಗಿದೆ. ಆಗ್ಮೆಂಟೆಡ್ ಸಿಕ್ಸ್ತ್ ಅನ್ನುವ ಕಾರ್ಡಿನಲ್ಲಿ ಶುದ್ಧ ಧೈವತ ಕೆಳಗೆ, ಪ್ರತಿ ಮಧ್ಯಮ ಮೇಲೆ. ಒಂದು ಇಳಿದು, ಇನ್ನೊಂದು ಏರಿ, ಎರಡೂ ಪಂಚಮಕ್ಕೆ ಸೇರುತ್ತವೆ. ನಡುವೆ ಬರೀ ಷಡ್ಜ ಇದ್ದರೆ ಇಟಾಲಿಯನ್. ಚತುಶ್ರುತಿ ರಿಷಭವೂ ಸೇರಿದರೆ ಫ್ರೆಂಚ್. ಅದರ ಬದಲು ಸಾಧಾರಣ ಗಾಂಧಾರ ಸೇರಿದರೆ ಜರ್ಮನ್. ಮೂರೂ ಸಿಂಹೇಂದ್ರಮಧ್ಯಮ ರಾಗದೊಳಗೆ ಸಿಗುತ್ತವೆ. ಸಿಂಹೇಂದ್ರಮಧ್ಯಮದಲ್ಲಿ ಮ ಪ, ದ ಪ ಅಂತ ಪಂಚಮದ ಸುತ್ತ ಓಡಾಡಿದವರಿಗೆ ಈ ಎಳೆತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೀಬೋರ್ಡಿನ ಒಂದೇ ಕೀಗೆ ಎಫ್ ಶಾರ್ಪ್, ಜಿ ಫ್ಲಾಟ್ ಅಂತ ಎರಡು ಹೆಸರು ಯಾಕೆ ಅನ್ನುವ ಪ್ರಶ್ನೆಯೂ ನನ್ನನ್ನು ಕಾಡಲಿಲ್ಲ. ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಇಟ್ಟುಕೊಂಡವರು ನಾವು. ಷಟ್‌ಶ್ರುತಿ ರಿಷಭ, ಸಾಧಾರಣ ಗಾಂಧಾರ ಒಂದೇ ಜಾಗ, ಕೆಲಸ ಬೇರೆ. ಹಾಗೆಯೇ ಜರ್ಮನ್ ಸಿಕ್ಸ್ತ್‌ನ ಎಫ್ ಶಾರ್ಪ್, ಸಿ ಷಡ್ಜವಾದಾಗ ಪ್ರತಿ ಮಧ್ಯಮ, ಮೇಲಕ್ಕೆ ಹೋಗುತ್ತದೆ. ಅದನ್ನೇ ಜಿ ಫ್ಲಾಟ್ ಅಂದರೆ ಡಿ ಫ್ಲಾಟ್ ಷಡ್ಜವಾದಾಗ ಶುದ್ಧ ಮಧ್ಯಮ, ಗಾಂಧಾರಕ್ಕೆ ಇಳಿಯುತ್ತದೆ. ಹೆಸರೇ ದಾರಿ ಹೇಳುತ್ತದೆ.

ನಮ್ಮ ರಾಗಗಳೆಲ್ಲ ಹಾರ್ಮನಿಗೆ ಒಗ್ಗುತ್ತವೆ ಅಂತ ಇದರ ಅರ್ಥವಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಮೊದಲು ಮುತ್ತುಸ್ವಾಮಿ ದೀಕ್ಷಿತರ ಒಂದು ನೊಟ್ಟುಸ್ವರ ತೆಗೆದುಕೊಂಡೆ. ಅದು ಶಂಕರಾಭರಣ, ಪಾಶ್ಚಾತ್ಯ ಧಾಟಿ, ಗಮಕ (ಸ್ವರದ ಅಲ್ಲಾಟ) ಇಲ್ಲ. ಒಂದು ಮಧ್ಯಾಹ್ನದಲ್ಲಿ ನಾಲ್ಕು ದನಿ ಮುಗಿಯಿತು. ಖುಷಿಯಾಗಲಿಲ್ಲ. ಅದನ್ನು ಬಿಟ್ಟು ಮಾಯಾಮಾಳವಗೌಳದಲ್ಲಿ ಬರೀ ಹದಿನಾರು ಬಾರಿನ (ಆವರ್ತದ) ಒಂದು ತುಣುಕು ಬರೆಯಲು ಹೊರಟೆ. ತಕ್ಷಣ ತೊಡಕು. ಪಂಚಮದ ಮೇಲೆ ಕಾರ್ಡ್ ಕಟ್ಟಿದರೆ ಪ ನಿ ರಿ, ಆದರೆ ಇಲ್ಲಿ ರಿ ಶುದ್ಧ ರಿಷಭ. ಕಾರ್ಡಿನ ಮೇಲ್ಭಾಗ ಕುಗ್ಗಿಬಿಡುತ್ತದೆ. ಮನೆಗೆ ಗಟ್ಟಿಯಾಗಿ ಕರೆತರುವ ಆ ಐದನೇ ಕಾರ್ಡ್ ಈ ರಾಗದಲ್ಲಿ ಇಲ್ಲವೇ ಇಲ್ಲ. ರಿಷಭವನ್ನು ಬದಲಿಸಿದರೆ ಕಾರ್ಡ್ ಬರುತ್ತದೆ, ರಾಗ ಹೋಗುತ್ತದೆ. ನಾನು ರಾಗವನ್ನೇ ಉಳಿಸಿಕೊಂಡೆ. ಬಾಸ್‌ಗೆ ಷಡ್ಜ ಹಿಡಿದು ನಿಲ್ಲಲು ಹೇಳಿದೆ, ಕೊನೆಗೆ ರಿ ಮ ದ ಕಾರ್ಡಿನಿಂದ ನೇರವಾಗಿ ಸ ಗ ಪ ಕಾರ್ಡಿಗೆ ಬಂದೆ.

ಆ ದಿನಗಳಲ್ಲೇ ಕಾಲೇಜಿನ ಲೈಬ್ರರಿಯಲ್ಲಿ ಒಂದು ವಿಷಯ ಓದಿ ಬೆರಗಾದೆ. ‘ಶ್ರೀವಿದ್ಯಾ’ ಅಂಕಿತದ ಕೃತಿಗಳನ್ನು ರಚಿಸಿದ ನಮ್ಮ ಜಯಚಾಮರಾಜ ಒಡೆಯರ್, ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್‌ನ ರಚನೆಗಳು ಲಂಡನ್ನಿನಲ್ಲಿ ರೆಕಾರ್ಡ್ ಆಗಲು ಹಣ ಕೊಟ್ಟವರು. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಅವರಿಗೆ ಅರ್ಪಿಸಿದ್ದಾನೆ. ಅರಮನೆಯ ಮುಂದೆ ದಿನಾ ಓಡಾಡಿದ್ದೆ, ಇದು ಗೊತ್ತಿರಲಿಲ್ಲ. ಅವತ್ತು ಹೆಡ್‌ಫೋನ್ ಹಾಕಿಕೊಂಡು ಅದನ್ನು ಪೂರ್ತಿ ಕೇಳಿ ಮನೆಗೆ ಹೋದೆ.

ಪ್ರಾಜೆಕ್ಟನ್ನು ಸಹಪಾಠಿಗಳು ಹಾಡಿದರು. ಪ್ರೊಫೆಸರ್‌ಗೆ ಹಿಡಿಸಿತು. ರೆಕಾರ್ಡಿಂಗನ್ನು ಮೇಷ್ಟ್ರಿಗೆ ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. “ಕೆಳಗಿನ ಜೋಡಣೆ ಚೆನ್ನಾಗಿದೆ ಕಣಮ್ಮ. ಆದ್ರೆ ಹತ್ತನೇ ಆವರ್ತದಲ್ಲಿ ಆ ರಿ ಅಲ್ಲಾಡಬೇಕು. ಮೊಳೆ ಹೊಡೆದ ಹಾಗೆ ನಿಲ್ಲಿಸಿದ್ದೀಯ” ಅಂದರು.

ನಿಜ. ಕೆಳಗೆ ಕಾರ್ಡ್ ನಿಂತಿದ್ದರೆ ಮೇಲೆ ರಿಷಭ ಅಲ್ಲಾಡಲು ಜಾಗವಿಲ್ಲ. ಆ ರಾತ್ರಿ ಹಾಳೆ ತೆಗೆದು ಹತ್ತನೇ ಬಾರಿನಲ್ಲಿ ಕೆಳಗಿನ ಮೂರೂ ದನಿಗೆ ರೆಸ್ಟ್, ಅಂದರೆ ಮೌನ, ಬರೆದೆ. ಮೇಲಿನ ದನಿಯೊಂದೇ, ಗಮಕದ ಗುರುತಿನ ಜೊತೆ.